ಸಿಂಹಾಸನ ಕಂಡ ರಾಜ, ಮಂಚ ಕಂಡ ಕೆಂಚವ್ವ

“ಉತ್ತರದ ಆಕಾಶದ ಏಳು ನಕ್ಷತ್ರಗಳ ಮೇಲೆ ಮಹಾರಾಜರು ಮೂರು ಒಗಟು ಹಾಕುತ್ತಾರೆ! ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ಅರ್ಧ ರಾಜ್ಯವಾದರೂ ಸೈ! ಒಂದು ತಪ್ಪಿದರೂ ತಲೆ ಹಾರುತ್ತದೆ!” ಎಂದು ಹಿರೇಗವಿ ಪಟ್ಟಣದ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು.

ಈ ಹುಚ್ಚಾಟಕ್ಕೆ ಕಾರಣವಿತ್ತು. ರಾಜ ರಣಧವಳ ನೆಲದ ಮೇಲಿನ ಸಿಂಹಾಸನ ಸಾಲದೆಂದು ಆ ಏಳು ಚುಕ್ಕಿಗಳಿಗೆ ‘ರಣಧವಳ ಸಿಂಹಾಸನ’ ಎಂದು ತಾನೇ ಹೆಸರಿಟ್ಟಿದ್ದ. ಮಂಚ ಹೆಣೆಯುವ ಮುದುಕಿ ಕೆಂಚವ್ವ ಸಂತೆಯಲ್ಲಿ ನಕ್ಕುಬಿಟ್ಟಳು. “ಸಿಂಹಾಸನವೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ಚುಕ್ಕಿ ಮಂಚದ ಕಾಲು, ಹಿಂದಿನ ಮೂರು ಅದನ್ನ ಕದಿಯೋಕೆ ಬರೋ ಕಳ್ಳರು” ಎಂದಳು. ಅವಳನ್ನು ಸೆರೆಗೆ ಹಾಕಿದರು. ಆದರೆ ಊರಿನ ನಗುವನ್ನು ಸೆರೆಗೆ ಹಾಕಲಾದೀತೇ? ತಾನಿಟ್ಟ ಹೆಸರೇ ಸರಿ ಎಂದು ಯಾರಾದರೂ ಬುದ್ಧಿವಂತ ತುಂಬಿದ ಸಭೆಯಲ್ಲಿ ಹೇಳಲಿ ಎಂಬುದು ರಾಜನ ಆಸೆ. ಅದಕ್ಕೇ ಒಗಟು.

ಅರ್ಧ ರಾಜ್ಯ ಎಂದ ಕೂಡಲೇ ಅರಮನೆ ಬಾಗಿಲಲ್ಲಿ ನೂರಾರು ಪೇಟಗಳು ನೂಕಾಡಿದವು. ಸಾಲಿನ ಕೊನೆಯಲ್ಲಿ ಕೆಂಚವ್ವನ ಮಗ ದುಗ್ಗ ನಿಂತಿದ್ದ. ಅವನ ಅಂಗೈ ತುಂಬ ಹಗ್ಗ ಎಳೆದ ಗಾಯ. ಅವನಿಗೆ ಬೇಕಾದದ್ದು ಅವ್ವ ಮಾತ್ರ.

ರಾಜ ಮೊದಲ ಒಗಟು ಹಾಕಿದ. “ಏಳು ಜನ ಒಂದು ಗೂಟವನ್ನು ಸುತ್ತುತ್ತಲೇ ಇದ್ದಾರೆ. ಕಟ್ಟಿದ ಹಗ್ಗ ಕಾಣುವುದಿಲ್ಲ, ಗೂಟ ಅಲುಗುವುದಿಲ್ಲ. ಯಾವುದು ಆ ಗೂಟ?”

ದಳವಾಯಿ ಭುಜಂಗ ನಾಯಕ ಮೀಸೆ ತಿರುವಿ, “ತಮ್ಮ ಪಾದವೇ, ಪ್ರಭು!” ಎಂದ.

“ಹೊಗಳಿದ್ದು ಚೆನ್ನಾಗಿದೆ, ಉತ್ತರ ತಪ್ಪು” ಎಂದ ರಾಜ. ಮೀಸೆಯ ಸಮೇತ ತಲೆ ಹೋಯಿತು.

ಪುರೋಹಿತ ತರ್ಕಭಟ್ಟರು ಎದ್ದು, “ಧ್ರುವ ನಕ್ಷತ್ರ” ಎಂದರು. ಸರಿಯಾಗಿತ್ತು. ಅವರ ಕತ್ತು ಒಂದು ಗೇಣು ಉದ್ದವಾಯಿತು.

ರಾಜ ಎರಡನೆಯದನ್ನು ಹಾಕಿದ. “ಏಳರಲ್ಲಿ ಒಬ್ಬನ ಪಕ್ಕ ಏನೋ ಇದೆ. ಗಂಡ ಹೆಂಡಿರೆಲ್ಲ ಅದನ್ನು ಕಂಡೆವೆಂದು ಅಗ್ನಿಯ ಮುಂದೆ ಹೇಳಿದ್ದಾರೆ. ಹೇಳಿದಾಗ ಒಬ್ಬರೂ ಕಂಡಿರಲಿಲ್ಲ. ಏನದು?”

ಭಟ್ಟರು ಕಣ್ಣು ಮುಚ್ಚಿ ನಾಲ್ಕು ಶ್ಲೋಕ ಹೇಳಿ, “ಪರಬ್ರಹ್ಮ” ಎಂದರು. ಅವರ ತಲೆಯೂ ಹೋಯಿತು. ಐನೂರು ಮದುವೆ ಮಾಡಿಸಿದ ಮನುಷ್ಯನಿಗೆ ತಾನು ಪ್ರತಿ ಸಲವೂ ತೋರಿಸುತ್ತಿದ್ದದ್ದು ಏನೆಂದೇ ಗೊತ್ತಿರಲಿಲ್ಲ, ಪಾಪ ಎನ್ನಲೂ ನನಗೆ ಮನಸ್ಸಿಲ್ಲ. ಉಳಿದವರಲ್ಲಿ ಒಬ್ಬನಿಗೆ ಹೊಟ್ಟೆನೋವು ಬಂತು, ಇನ್ನೊಬ್ಬನಿಗೆ ಮನೆಯಲ್ಲಿ ಹಸು ಈಯುವುದು ನೆನಪಾಯಿತು. ನೋಡುನೋಡುತ್ತಿದ್ದಂತೆ ಅಂಗಳ ಬರಿದಾಗಿ ದುಗ್ಗ ಒಬ್ಬನೇ ಉಳಿದ.

“ನೀನೂ ಬಂದೆಯಾ, ಹಗ್ಗದವನೇ?” ಎಂದು ಮಂತ್ರಿ ಮೂಗು ಮುರಿದ.

“ಮೊದಲನೇದು ಭಟ್ಟರು ಹೇಳಿದ ಧ್ರುವವೇ, ಎರಡನೇದು ಅರುಂಧತಿ ನಕ್ಷತ್ರ, ಸ್ವಾಮಿ” ಎಂದ ದುಗ್ಗ. “ವಸಿಷ್ಠರ ಪಕ್ಕದಲ್ಲಿರೋದು. ಮಟಮಟ ಮಧ್ಯಾಹ್ನ ಆಕಾಶಕ್ಕೆ ಬೆರಳು ತೋರಿಸಿ ‘ಕಂಡಿತೇ’ ಅಂತಾರೆ. ಊಟಕ್ಕೆ ಹೊತ್ತಾಗ್ತದೆ ಅಂತ ಎಲ್ಲರೂ ‘ಕಂಡಿತು’ ಅಂತಾರೆ. ನಮ್ಮವ್ವ ಒಬ್ಬಳೇ ‘ಇಲ್ಲ’ ಅಂದಿದ್ದಳಂತೆ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ರಾಜ ಹಲ್ಲು ಕಡಿದು ಮೂರನೆಯದನ್ನು ಕೇಳಿದ. “ಆ ಏಳರ ನಿಜವಾದ ಹೆಸರೇನು?”

ಸಿಂಹಾಸನ ಎಂದರೆ ಅವ್ವನೇ ತಪ್ಪೆಂದು ಒಪ್ಪಿದಂತೆ. ಮಂಚ ಎಂದರೆ ಇಬ್ಬರೂ ಸಾಯುವುದು ಖಂಡಿತ. ಹೆದರುತ್ತಲೇ ದುಗ್ಗ ಬಾಗಿಲಲ್ಲಿದ್ದ ಅಡುಗೆಯವಳನ್ನು ಕೇಳಿದ. “ಅಕ್ಕಾ, ಆ ಏಳು ಚುಕ್ಕೀಲಿ ನಿನಗೇನು ಕಾಣ್ತದೆ?”

“ಸೌಟು. ಮತ್ತೇನು? ಮಲಗಿದರೂ ನಾಳೆಯ ಸಾರಿನದೇ ಚಿಂತೆ.”

ಹೊಲ ಬಿಟ್ಟು ಬಂದಿದ್ದ ಕಾವಲುಗಾರ ಮೆಲ್ಲಗೆ, “ನನಗೆ ನೇಗಿಲು” ಎಂದ. ಸತ್ತ ಭಟ್ಟರ ಶಿಷ್ಯ, “ಏಳು ಋಷಿಗಳು” ಎಂದು ತೊದಲಿದ.

“ಇಷ್ಟೇ ಸ್ವಾಮಿ” ಎಂದ ದುಗ್ಗ. “ಮಲಗಿದ ಮೇಲೂ ಯಾವುದು ಮನಸ್ಸು ಬಿಡೋದಿಲ್ಲವೋ, ಅದೇ ಅದರ ಹೆಸರು. ನಮ್ಮವ್ವ ಊರಿಗೆಲ್ಲ ಮಂಚ ಹೆಣೆದು ತಾನು ನೆಲದ ಮೇಲೆ ಮಲಗ್ತಾಳೆ. ಅವಳಿಗೆ ಮಂಚ. ನಿಮಗೆ ಸಿಂಹಾಸನ. ಆದರೆ ಅದಕ್ಕೆ ನಾಲ್ಕೇ ಕಾಲು. ಹಿಂದೆ ಬರೋ ಆ ಮೂವರು ಯಾರು ಸ್ವಾಮಿ?”

“ನನ್ನ ತಮ್ಮಂದಿರು” ಎಂದುಬಿಟ್ಟ ರಾಜ.

ಹನ್ನೆರಡು ವರ್ಷದ ಹಿಂದೆ ಸಿಂಹಾಸನಕ್ಕಾಗಿ ಅವನು ಓಡಿಸಿದ್ದ ಆ ಮೂವರ ಮಾತನ್ನು ಅರಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈಗ ಅವನೇ ಎತ್ತಿದ್ದ. ಮನಸ್ಸು ಬಿಡದ್ದೇ ಹೆಸರು ಎಂಬ ಉತ್ತರ ಸರಿಯೆಂದು ಅವನ ಬಾಯಿಯೇ ಒಪ್ಪಿಬಿಟ್ಟಿತ್ತು.

“ಏನು ಬೇಕೋ ಕೇಳಿ ತೊಲಗು” ಎಂದ.

“ನಮ್ಮವ್ವ. ಆಮೇಲೆ ಒಂದು ಮಂಚಕ್ಕಾಗುವಷ್ಟು ತೇಗದ ಮರ.”

ಅರ್ಧ ರಾಜ್ಯ ಬಿಟ್ಟ ದಡ್ಡ ಎಂದು ಮಂತ್ರಿ ಇಡೀ ದಿನ ನಕ್ಕ. ಅರ್ಧ ರಾಜ್ಯದ ಜೊತೆಗೆ ಏನೇನು ಬರುತ್ತದೆಂದು ಸಿಂಹಾಸನದ ಮೇಲೆ ಕೂತವನನ್ನು ನೋಡಿಯೂ ಅವನಿಗೆ ತಿಳಿಯಲಿಲ್ಲ.

ಮೂರು ದಿನದಲ್ಲಿ ಮಂಚ ಸಿದ್ಧವಾಯಿತು. ಸಂಜೆ ಉಂಡು, ಅಂಗಳದಲ್ಲಿ ಹಾಕಿದ ಮಂಚದ ಮೇಲೆ ಕೆಂಚವ್ವ ಜೀವಮಾನದಲ್ಲಿ ಮೊದಲ ಸಲ ಕಾಲು ಚಾಚಿದಳು. ಉತ್ತರದಲ್ಲಿ ಏಳೂ ಮೂಡಿದ್ದವು.

“ಏನು ಕಾಣ್ತದವ್ವ?” ಎಂದ ದುಗ್ಗ.

ಅವಳು ಸ್ವಲ್ಪ ಹೊತ್ತು ನೋಡಿದಳು. “ಚುಕ್ಕಿ ಕಣೋ. ಬರೀ ಚುಕ್ಕಿ” ಎಂದು ಮಗ್ಗುಲಾಗಿ ನಿದ್ದೆ ಹೋದಳು.