ಹಂಸದ ಅಂಚೂ ದೇವಲನ ಹೊಸ ಡಿಸ್ಕೂ

ಏಯ್, ಆ ಮೂಲೇಲಿ ಗುಸುಗುಸು ಅನ್ನೋರು ಬಾಯಿ ಮುಚ್ಕೊಳ್ರಪ್ಪಾ. ನಾನು ಕತೆ ಹೇಳೋಕೆ ಕೂತ್ರೆ ಓಡೋ ಮಗ್ಗ ನಿಲ್ಸಿ ಬಂದು ಕೂರ್ತಿದ್ರು ಜನ, ಗೊತ್ತಾ? ಇಸ್ಕೂಲು ಮೆಟ್ಟಿಲು ಹತ್ತಿದೋನಲ್ಲ ನಾನು. ಆದ್ರೂ ಕಂಪ್ಯೂಟರ್ ಹೊಟ್ಟೇಲಿ ಏನೈತೆ ಅಂತ ನನ್ನ ಕೇಳಿ, ನಾನು ಹೇಳ್ತೀನಿ. ಕೇಳ್ಕೊಳ್ಳಿ.

ಒಂದು ಮಗ್ಗದ ಬೀದಿ. ಆ ಬೀದೀಲಿ ಚೌಡಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ದೇವಲ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೆಟ್ಟೋನಾ? ಅಲ್ಲ. ಸೋಮಾರಿಯಾ? ಅದೂ ಅಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಅದೇ ಅವನ ರೋಗ!

ಚೌಡಮ್ಮನ ಕೆಲಸ ರೇಷ್ಮೆ ಸೀರೆಗೆ ಅಂಚು ಬರೆಯೋದು. ಕಾಗದದ ಮೇಲಲ್ಲಪ್ಪಾ, ಕಂಪ್ಯೂಟರ್ ಮೇಲೆ. ಚುಕ್ಕಿ ಪಕ್ಕ ಚುಕ್ಕಿ ಇಟ್ಟು ಮಾವಿನಕಾಯಿ, ನವಿಲು, ರುದ್ರಾಕ್ಷಿ ಎಲ್ಲಾ ಮಾಡೋಳು. ಅವಳು ಬರೆದು ಕೊಟ್ರೆ ಮಗ್ಗದೋರು ನೇಯೋರು. ಮನೆ ನಡೀತಿದ್ದಿದ್ದೇ ಅದರಲ್ಲಿ.

ಪಕ್ಕದ ಮನೆ ಸರಸಕ್ಕಂದು ಮಗ್ಗ ಇತ್ತು. ಸರಸಕ್ಕ ಅಂದ್ರೆ ಎಷ್ಟು ಮೆದು ಅಂತೀರಿ! ಕಾಲಿಗೆ ಇರುವೆ ಕಚ್ಚಿದ್ರೂ "ಸ್ವಲ್ಪ ಜರುಗು ತಾಯಿ" ಅನ್ನೋಳು. ಅವಳ ಮೊಮ್ಮಗಳ ಮದುವೆ ಬಂತು. ಹುಡುಗಿ ಹಂಸದ ಅಂಚಿನ ಸೀರೇನೇ ಬೇಕು ಅಂತ ಹಠ ಹಿಡಿದ್ಲು. ಚೌಡಮ್ಮ ಕಣ್ಣು ಉರಿಯೋವರೆಗೂ ಕೂತು ಹಂಸ ಬರೆದು ಮುಗ್ಸಿದ್ಲು. ಸರಸಕ್ಕ ಮಗ್ಗದ ಮೇಲೆ ಹಾಸಿನ ಎಳೆ ಏರ್ಸಿ ಕಾಯ್ತಾ ಕೂತ್ಲು. ಅಂಚಿಲ್ದೆ ಲಾಳಿ ಓಡಿಸೋದು ಹೆಂಗೆ?

ಅಷ್ಟರಲ್ಲಿ ಕಂಪ್ಯೂಟರ್ ಒಳಗಿಂದ ಕರಕರ! ಕರಕರ! ಹಂಸ ತೋರ್ಸು ಅಂದ್ರೆ ತೋರ್ಸಲ್ಲ. ಸುಮ್ನೆ ಕರಕರ!

"ಅಯ್ಯೋ, ನನ್ನ ಅಂಚೆಲ್ಲಾ ಆ ಹಾರ್ಡ್ ಡಿಸ್ಕಲ್ಲೇ ಅವೆ! ಅದು ಸತ್ರೆ ನನ್ನ ಕೈ ಮುರಿದ ಹಂಗೆ!" ಅಂದ್ಲು ಚೌಡಮ್ಮ. ಡಬ್ಬದ ತಿರುಪು ಬಿಚ್ಚಿ ಡಿಸ್ಕು ಈಚೆಗೆ ತೆಗೆದ್ಲು.

"ದೇವಲಾ, ಇದನ್ನ ಬಜಾರಲ್ಲಿ ರಿಪೇರಿ ಅಂಗಡಿ ಇರ್ಫಾನಂಗೆ ತೋರ್ಸು ಹೋಗು. ಇದರ ಅಡೀಲಿ ಹಸಿರು ಹಲಗೆ ಐತಲ್ಲ, ಅದಕ್ಕೆ ಕೈ ಮುಟ್ಟಿಸಬೇಡ!"

"ಆಗ್ಲಿ ಬಿಡಮ್ಮ!"

ಕೈ ಮುಟ್ಟಿಸಬಾರದಲ್ಲ? ದೇವಲ ಒಂದು ಹುರಿ ತಗೊಂಡ. ಡಿಸ್ಕಿಗೆ ಕಟ್ದ. ಬೀದೀಲಿ ದರದರ ದರದರ ಎಳ್ಕೊಂಡು ಹೊರಟ. ಹಿಂದೆ ಎರಡು ನಾಯಿ.

ಇರ್ಫಾನ ಅಂಗಡಿಯಿಂದ ಹಾರ್ಕೊಂಡು ಬಂದ. "ಯಾ ಅಲ್ಲಾ! ಏನಯ್ಯಾ ಇದು, ಆಟದ ಗಾಡಿನಾ? ಇದರೊಳಗೆ ರಾಟೆ ಹಂಗೆ ಒಂದು ತಟ್ಟೆ ತಿರುಗ್ತೈತೆ. ತಟ್ಟೆ ಮೇಲೆ, ಇನ್ನೇನು ತಾಗಬೇಕು ಅನ್ನೋ ಹಂಗೆ, ಒಂದು ಮುಳ್ಳು ಓಡಾಡ್ತೈತೆ. ಒಂದು ಏಟು ಬಿದ್ರೆ ಎಲ್ಲಾ ಗೀರೋಗ್ತದೆ!"

ತಂತಿ ಕೊಟ್ಟು ಕಿವಿ ಇಟ್ಟು ಕೇಳ್ದ. ಉಸಿರಿತ್ತು, ನೋಡಿ! ಇನ್ನೊಂದ್ಸಲ ಆ ಪೆದ್ದನ ಕೈಗೆ ಕೊಡೋದುಂಟಾ? ತಾನೇ ತಂದು ಚೌಡಮ್ಮನ ಕೈಗಿಟ್ಟ.

"ಚೌಡಮ್ಮಾ, ಇದು ಜಾಸ್ತಿ ದಿನ ಬಾಳಲ್ಲ. ಎಸ್ಸೆಸ್ಡಿ ಅಂತ ಹೊಸದು ಐತೆ, ಅದನ್ನ ಹಾಕೋಣ. ಮೊದಲು ಇದರಲ್ಲಿರೋದೆಲ್ಲಾ ಅದಕ್ಕೆ ತುಂಬಬೇಕು, ಇದು ಕಣ್ಣು ಮುಚ್ಚೋದ್ರೊಳಗೆ. ನಾಳೆ ಮಗನ್ನ ಕಳಿಸಿ, ಹೊಸದು ಕೊಡ್ತೀನಿ. ಮಧ್ಯಾಹ್ನ ನಾನೇ ಮನೆಗೆ ಬಂದು ಕೂರಿಸ್ತೀನಿ."

ಅವನು ಅತ್ಲಾಗೆ ಹೋದ, ಚೌಡಮ್ಮ ಇತ್ಲಾಗೆ ಹಣೆ ಚಚ್ಕೊಂಡ್ಲು. "ಅಯ್ಯೋ ನನ್ನ ಮಂಕುದಿಣ್ಣೆ! ನಿನ್ನ ತಲೇಲಿ ಏನೈತೋ? ಅಂಥದ್ದನ್ನ ಹಸುಗೂಸಿನ ಹಂಗೆ ತರಬೇಕು! ಬಟ್ಟೇಲಿ ಸುತ್ತಿ, ಎದೆಗೆ ಅವುಚ್ಕೊಂಡು, ಕುಲುಕದ ಹಂಗೆ, ಮೆಲ್ಲಗೆ!"

"ಆಗ್ಲಿ ಬಿಡಮ್ಮ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮಾರನೆ ದಿನ ಬೆಳಿಗ್ಗೆ ಹೋದ. ಇರ್ಫಾನ ಹೊಸದು ಕೊಟ್ಟ. ಎಷ್ಟಿತ್ತು ಅಂತೀರಿ? ಒಂದು ಬಿಸ್ಕತ್ತಿನ ಪೊಟ್ಟಣದಷ್ಟೂ ಇಲ್ಲ! ದೇವಲ ಅದನ್ನ ಅಮ್ಮನ ಹಳೇ ಸೀರೇಲಿ ಸುತ್ದ, ಸುತ್ದ, ಸುತ್ದ. ಎದೆಗೆ ಅವುಚ್ಕೊಂಡ. ಒಂದು ಹೆಜ್ಜೆ ಇಡೋನು, ನಿಲ್ಲೋನು. "ಜೋ ಜೋ" ಅನ್ನೋನು. ಇನ್ನೊಂದು ಹೆಜ್ಜೆ ಇಡೋನು.

ಬೀದಿ ಹೆಂಗಸರು ಸುಮ್ನಿರ್ತಾರಾ?

"ಯಾರ ಮಗೂನೋ ದೇವಲಾ?"

"ನಮ್ಮದೇ ಅತ್ತೆ. ಬಜಾರಿಂದ ತಂದೆ."

"ಗಂಡೋ ಹೆಣ್ಣೋ?"

"ಎಸ್ಸೆಸ್ಡಿ!"

ಮನೆ ಸೇರೋ ಹೊತ್ಗೆ ಬಿಸಿಲು ನೆತ್ತಿಗೇರಿತ್ತು. ಹಿಂದೆ ಒಂದು ಮೆರವಣಿಗೆ! ಒಬ್ಬಳ ಕೈಲಿ ಕಾಡಿಗೆ ಡಬ್ಬಿ ಬೇರೆ.

ಚೌಡಮ್ಮ ಬಾಗಿಲಲ್ಲೇ ಕುಸಿದ್ಲು. "ಅಯ್ಯೋ ನನ್ನ ಮಂಕುದಿಣ್ಣೆ! ನಿನ್ನ ತಲೇಲಿ ಏನೈತೋ? ಹೊಸದರಲ್ಲಿ ತಿರುಗೋದೂ ಇಲ್ಲ, ಅಲ್ಲಾಡೋದೂ ಇಲ್ಲ. ಕುಲುಕಿದ್ರೆ ಏನೂ ಆಗಲ್ಲ! ಇಂಥದ್ದನ್ನ ಜೇಬಿಗೆ ಹಾಕ್ಕೊಂಡು ಒಂದೇ ಉಸಿರಿಗೆ ಓಡಿ ಬರಬೇಕು!"

"ಆಗ್ಲಿ ಬಿಡಮ್ಮ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಇರ್ಫಾನ ಬರೋ ಹೊತ್ತಾಯ್ತು. ಕೆಲಸ ಮಾಡೋಕೆ ಬಂದೋನಿಗೆ ಊಟ ಹಾಕದೆ ಕಳ್ಸೋದುಂಟಾ? ಅನ್ನ ಆಯ್ತು, ಸಾರಾಯ್ತು, ಮೊಸರಿಲ್ಲ.

"ದೇವಲಾ, ಸರಸಕ್ಕನ ಮನೇಲಿ ಒಂದಿಷ್ಟು ಮೊಸರು ಈಸ್ಕೊಂಡು ಬಾ."

ಹೋದ. ಅಂಗಿ ಜೇಬು ಅಗಲ ಮಾಡ್ಕೊಂಡು ನಿಂತ. "ಹಾಕಿ ಸರಸಕ್ಕ."

"ಲೋಟ ತರಲಿಲ್ವಾ ಕಂದಾ?"

"ಜೇಬಿಗೇ ಅಂತ ಅಮ್ಮ ಹೇಳವ್ಳೆ."

ಸರಸಕ್ಕ ಯಾರಿಗೆ ಇಲ್ಲ ಅಂದೋಳು? ಹುಯ್ದೇ ಬಿಟ್ಲು. ದೇವಲ ಒಂದೇ ಉಸಿರಿಗೆ ಓಡ್ದ. ಮೊಸರು ಎದೆ ಮೇಲೆ, ಹೊಟ್ಟೆ ಮೇಲೆ, ಪಂಚೆ ಮೇಲೆ! ಮನೆ ಮುಟ್ಟೋ ಹೊತ್ಗೆ ಜೇಬಲ್ಲಿ ಬರೀ ಕೆನೆ.

"ಅಯ್ಯೋ ನನ್ನ ಮಂಕುದಿಣ್ಣೆ! ನಿನ್ನ ತಲೇಲಿ ಏನೈತೋ? ಅದನ್ನ ಪಾತ್ರೇಲಿ ತಂದು, ತಣ್ಣೀರು ತುಂಬಿದ ಬೋಗುಣಿಯೊಳಗೆ ಇಳಿಬಿಡಬೇಕು ಕಣೋ! ಮೇಲೆ ಒದ್ದೆ ಬಟ್ಟೆ ಹೊದಿಸ್ಬೇಕು! ಆಗ ತಂಪಾಗಿರ್ತೈತೆ!"

"ಆಗ್ಲಿ ಬಿಡಮ್ಮ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಇರ್ಫಾನ ಬಂದ. ಉಂಡ. ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಮಲಗ್ಸಿ, ಎರಡಕ್ಕೂ ತಂತಿ ಕೊಟ್ಟು, ತುಂಬೋಕೆ ಹಚ್ಚಿದ. ತೆರೆ ಮೇಲೆ ಒಂದು ಹಸಿರು ಗೆರೆ, ಹುಳದ ಹಂಗೆ ಮೆಲ್ಲಗೆ ಹರಿಯೋಕೆ ಹತ್ತಿತು.

"ಆ ಗೆರೆ ಈ ತುದಿಯಿಂದ ಆ ತುದಿ ಮುಟ್ಟಿದ್ರೆ ಮುಗೀತು. ಹಳೇದು ಬಿಸಿ ಆಗ್ತೈತೆ, ಒಂಚೂರು ನೋಡ್ಕೊಂಡಿರಪ್ಪಾ" ಅಂತ ಹೇಳಿ ಹಿತ್ತಲಿಗೆ ಕೈ ತೊಳೆಯೋಕೆ ಹೋದ. ಚೌಡಮ್ಮ ನೀರು ಹುಯ್ಯೋಕೆ ಹೋದ್ಲು.

ದೇವಲ ಮುಟ್ಟಿ ನೋಡ್ದ. ಹೌದು, ಬಿಸಿ! ತಂಪು ಮಾಡೋದು ಅವನಿಗೆ ಗೊತ್ತಿತ್ತಲ್ಲ! ಬೋಗುಣಿ ತಂದ. ತಣ್ಣೀರು ತುಂಬ್ದ. ಒದ್ದೆ ಬಟ್ಟೆ ತೋಳಿಗೆ ಹಾಕ್ಕೊಂಡ. ಡಿಸ್ಕನ್ನ ಎರಡೂ ಕೈಲಿ ಎತ್ತಿ, ಇನ್ನೇನು ಇಳಿಬಿಡಬೇಕು—

"ದೇವಲಾ!"

ಚೌಡಮ್ಮ ಹಾರಿ ಬಂದು ಕೈ ಹಿಡ್ಕೊಂಡ್ಲು. ಬೋಗುಣಿ ಆ ಕಡೆ, ನೀರು ಈ ಕಡೆ!

"ಅಯ್ಯೋ ನನ್ನ ಮಂಕುದಿಣ್ಣೆ! ನಿನ್ನ ತಲೇಲಿ ಏನೈತೋ? ನೇಕಾರರ ಮನೇಲಿ ಹುಟ್ಟಿದೀಯ, ನಮ್ಮ ಕೆಲಸದ ಹಂಗೆ ಯೋಚ್ನೆ ಮಾಡೋ! ಮಗ್ಗದಲ್ಲಿ ಹಳೇ ಹಾಸು ಮುಗೀತಾ ಬಂದ್ರೆ ಏನ್ಮಾಡ್ತೀವಿ? ಹಳೇ ಎಳೆಯ ತುದಿಗೆ ಹೊಸ ಎಳೆ ಗಂಟು ಹಾಕಿ ಎಳೀತೀವಿ. ಹಳೇದು ಈಚೆ ಬಂದ ಹಂಗೆ ಹೊಸದು ಅದರ ಜಾಗಕ್ಕೆ ಹೋಗಲ್ವಾ? ಇದೂ ಅಷ್ಟೇ ಕಣೋ!"

"ಓಹೋ! ಹಾಸು ಕೆಚ್ಚೋ ಹಂಗಾ? ಮೊದಲೇ ಹೇಳಬಾರದಾ ಅಮ್ಮ!"

ನೋಡಿ, ಕೆಚ್ಚೋದರಲ್ಲಿ ಆ ಪೆದ್ದ ಭಾರೀ ಚುರುಕು. ನನ್ನಷ್ಟಲ್ಲ ಬಿಡಿ. ನನ್ನ ಗಂಟು ಬೆರಳಿಗೆ ಸಿಕ್ತಿರಲಿಲ್ಲ, ಕಣ್ಣಿಗೂ ಕಾಣ್ತಿರಲಿಲ್ಲ. ಆದ್ರೂ ಪರವಾಗಿಲ್ಲ ಅನ್ನೋ ಹಂಗಿತ್ತು ಅವನ ಕೈ. ಅಮ್ಮ ನೆಲ ಒರೆಸೋಕೆ ಬಟ್ಟೆ ತರೋದ್ರೊಳಗೆ ರೇಷ್ಮೆ ಎಳೆ ತಂದ, ಬೆರಳು ಜಾರದಿರಲಿ ಅಂತ ಬೂದಿ ಮುಟ್ಟಿದ, ಹಳೇ ಡಿಸ್ಕಿಂದ ಹೊಸ ಡಿಸ್ಕಿಗೆ ಗಂಟು, ಗಂಟು, ಗಂಟು! ಕಾಲು ಊರಿ ಕೂತ. ಎಳೆದ!

ತಂತಿ ಪಟ್ ಅಂತ ಕಿತ್ಕೊಂಡ್ವು. ಹಸಿರು ಗೆರೆ ಮಾಯ.

ಹಿತ್ತಲಿಂದ ಬಂದ ಇರ್ಫಾನ ತಲೆ ಮೇಲೆ ಕೈ ಹೊತ್ಕೊಂಡ. "ಚೌಡಮ್ಮಾ, ಮೊದಲಿಂದ ತುಂಬಬೇಕು! ಹಳೇದು ತಡಕೊಳ್ತೈತೋ ಇಲ್ವೋ!"

ಮತ್ತೆ ತಂತಿ ಕೊಟ್ಟ. ಹಳೇದು ಕರ್... ಕರ್... ಅಂತ ನರಳ್ತು. ಚೌಡಮ್ಮ ಸೆರಗು ಬಾಯಿಗೆ ಒತ್ಕೊಂಡ್ಲು. ಗೆರೆ ಮತ್ತೆ ಹೊರಟ್ತು.

"ಅಯ್ಯೋ ನನ್ನ ಮಂಕುದಿಣ್ಣೆ! ನಿನ್ನ ತಲೇಲಿ ಏನೈತೋ? ನೀನು ಏನೂ ಮಾಡಬೇಡ! ಮುಟ್ಟಬೇಡ! ಯಾರನ್ನೂ ಹತ್ರ ಬಿಡಬೇಡ! ಬಾಗಿಲು ಹಾಕ್ಕೊಂಡು ಕೂತಿರು. ಗೆರೆ ತುದಿ ಮುಟ್ಟೋವರೆಗೂ ಯಾರೇ ಬಂದ್ರೂ ತೆಗೀಬೇಡ!"

"ಆಗ್ಲಿ ಬಿಡಮ್ಮ!"

ಇರ್ಫಾನ ಅಂಗಡಿಗೆ ಹೋಗಿ ತಿರುಪು ತರ್ತೀನಿ ಅಂತ ಹೋದ. ಪಾಪ, ಸರಸಕ್ಕ ನಿಂತ ಮಗ್ಗದ ಮುಂದೆ ಕೂತವ್ಳೆ, ಸಮಾಧಾನ ಹೇಳಿ ಕರ್ಕೊಂಬರ್ತೀನಿ ಅಂತ ಚೌಡಮ್ಮಾನೂ ಹೋದ್ಲು. ಮೂರೂ ಜನ ವಾಪಸ್ ಬಂದ್ರೆ ಬಾಗಿಲು ಭದ್ರ!

"ದೇವಲಾ, ತೆಗಿಯೋ!"

"ಯಾರು?"

"ನಿಮ್ಮಮ್ಮ ಕಣೋ!"

"ನಮ್ಮಮ್ಮ ಮನೇಲಿಲ್ಲ. ಪಕ್ಕದ ಮನೆಗೆ ಹೋಗವ್ಳೆ. ಆಮೇಲೆ ಬನ್ನಿ."

"ಲೋ, ನಾನೇ ಕಣೋ ನಿಮ್ಮಮ್ಮ!"

"ಇರಬಹುದು. ಆದ್ರೆ ಯಾರೇ ಬಂದ್ರೂ ತೆಗೀಬೇಡ ಅಂತ ನಮ್ಮಮ್ಮ ಹೇಳವ್ಳೆ. ಅವಳ ಮಾತು ನಾನು ಮೀರಲ್ಲ!"

ಬಡಿದ್ರು. ಕೂಗಿದ್ರು. ಚೌಡಮ್ಮ ಬೈದ್ಲು, ಇರ್ಫಾನ ಕೈ ಮುಗಿದ, ಸರಸಕ್ಕ "ಕಂದಾ, ಮುದ್ದು" ಅಂದ್ಲು. ಊಹೂಂ! ಕೊನೆಗೆ ಮೂರೂ ಜನ ಜಗಲಿ ಮೇಲೆ ಸಾಲಾಗಿ ಕೂತ್ರು. ಒಳಗಿಂದ ಕರ್... ಕರ್... ಕೇಳ್ತಾ ಇತ್ತು. ಒಂದೊಂದು ಕರ್ ನಿಂತಾಗ್ಲೂ ಚೌಡಮ್ಮನ ಎದೆ ನಿಲ್ಲೋದು.

ಹೊತ್ತು ಇಳೀತು. ಆಗ ಬಾಗಿಲು ತೆಗೀತು.

"ಬಾಮ್ಮ. ಗೆರೆ ತುದಿ ಮುಟ್ತು."

ಇರ್ಫಾನ ಓಡ್ದ. ಹಳೇದರ ಮೇಲೆ ಕೈ ಇಟ್ಟ. ಅದು ಕಡೇ ಸಲ ಕರ್ ಅಂತು, ಸುಮ್ನಾಯ್ತು. ಮತ್ತೆ ಏಳಲೇ ಇಲ್ಲ! "ಇನ್ನೊಂದು ಗಳಿಗೆ ತಡ ಆಗಿದ್ರೆ ಎಲ್ಲಾ ಹೋಗ್ತಿತ್ತು, ಚೌಡಮ್ಮಾ!"

ಹೊಸದನ್ನ ಡಬ್ಬದಲ್ಲಿ ಕೂರ್ಸಿ ತಿರುಪು ಬಿಗಿದ. ಗುಂಡಿ ಒತ್ತಿದ. ಸದ್ದಿಲ್ಲ, ಗದ್ದಲ ಇಲ್ಲ, ರೆಪ್ಪೆ ಬಡಿಯೋದ್ರೊಳಗೆ ತೆರೆ ಬೆಳಗ್ತು. ಹಂಸ ತೆಗೆದ. ಒಂದರ ಹಿಂದೆ ಒಂದು, ಸಾಲಾಗಿ, ಕತ್ತು ಬಳುಕಿಸ್ಕೊಂಡು ಬಂದ್ವು ನೋಡಿ!

"ಬಂದವಮ್ಮಾ!" ಅಂದ್ಲು ಸರಸಕ್ಕ. ಅಂಚು ತಗೊಂಡು ಮನೆಗೆ ಓಡಿದ್ಲು. ಅವತ್ತು ಸಂಜೇನೇ ಅವಳ ಮಗ್ಗ ಲಟಕ್ ಲಟಕ್ ಅಂತ ಶುರು ಆಯ್ತು.

ಇರ್ಫಾನ ಹೊರಡೋ ಮುಂದೆ ಹೇಳ್ದ. "ಇಷ್ಟಕ್ಕೇ ಬಿಡಬೇಡಿ ಚೌಡಮ್ಮಾ. ಇದರದ್ದೇ ಇನ್ನೊಂದು ನಕಲು ಮಾಡ್ಸಿ ಬೇರೆ ಕಡೆ ಇಟ್ಟಿರಿ. ಹೊಸದೂ ಒಂದಿನ ಕೈ ಕೊಡ್ತೈತೆ."

ಚೌಡಮ್ಮ ಮಗನ ಕಡೆ ತಿರುಗಿದ್ಲು. ಬಾಗಿಲಾಚೆ ಕೂರ್ಸಿದ ಸಿಟ್ಟು ಇನ್ನೂ ಇತ್ತಲ್ಲ! "ಅಯ್ಯೋ ನನ್ನ ಮಂಕುದಿಣ್ಣೆ! ಹೆತ್ತ ತಾಯಿಗೇ ಬಾಗಿಲು ತೆಗೀಲಿಲ್ವಲ್ಲೋ, ನಿನ್ನ ತಲೇಲಿ ಏನೈತೋ? ಇದಾದ್ರೂ ತಲೇಲಿ ಇಟ್ಕೊ. ಯಾವುದು ಹೋದ್ರೆ ನಾವು ಬದುಕೋಕಾಗಲ್ವೋ, ಅದು ಒಂದೇ ಒಂದು ಇರಬಾರದು. ಅದರಲ್ಲಿರೋದೆಲ್ಲಾ ಇನ್ನೊಂದಕ್ಕೆ ತುಂಬಿ ಬೇರೆ ಮನೇಲಿ ಇಟ್ಟಿರಬೇಕು!"

ದೇವಲ ಈ ಸಲ ಆಗ್ಲಿ ಬಿಡಮ್ಮ ಅನ್ನಲಿಲ್ಲ. ಅಮ್ಮನ್ನೇ ನೋಡ್ತಾ ನಿಂತ. ಅವಳು ಮಂಡಿ ಹಿಡ್ಕೊಂಡು "ಉಸ್ಸಪ್ಪಾ" ಅಂತ ಏಳೋದನ್ನ ನೋಡ್ದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಊಟದ ಹೊತ್ತಾಯ್ತು. ಮಗ ಇಲ್ಲ. ಪಕ್ಕದ ಮನೆ ಮಗ್ಗ ಬೇರೆ ನಿಂತೋಗೈತೆ. ಎಳೆ ಹರೀತೋ ಏನೋ ಅಂತ ಚೌಡಮ್ಮ ಕಿವಿಗೊಟ್ಟು ಕೇಳಿದ್ರೆ, ಗೋಡೆಯಾಚೆಯಿಂದ ಯಾರೋ ಬೈಯೋದು ಕೇಳ್ತೈತೆ. ಮಾತು ಎಲ್ಲಾ ತನ್ನದೇ! ದನಿ ಮಾತ್ರ ಬೇರೆ.

ಓಡಿದ್ಲು.

ಅಲ್ಲಿ ಸರಸಕ್ಕ ಸೌಟು ಹಿಡ್ಕೊಂಡು ನಿಂತವ್ಳೆ. ದೇವಲ ಎದುರಿಗೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತವ್ನೆ.

"ಅಯ್ಯೋ... ನನ್ನ... ಮಂಕುದಿಣ್ಣೆ, ಕಂದಾ" ಅಂದ್ಲು ಸರಸಕ್ಕ.

"ಕಂದಾ ಬೇಡ! ಅಮ್ಮ ಕಂದಾ ಅನ್ನಲ್ಲ. ಇನ್ನೂ ಜೋರಾಗಿ ಅನ್ನಬೇಕು. ತಲೇಲಿ ಏನೈತೋ ಅನ್ನುವಾಗ ಸೌಟು ಮೇಲೆ ಹೋಗಬೇಕು. ಆದ್ರೆ ಹೊಡೀಬಾರದು. ಅಮ್ಮ ಹೊಡೆಯಲ್ಲ."

"ಏನೋ ಇದು ದೇವಲಾ?" ಅಂದ್ಲು ಚೌಡಮ್ಮ.

"ತುಂಬ್ತಾ ಇದೀನಮ್ಮ. ಯಾವುದು ಹೋದ್ರೆ ಬದುಕೋಕಾಗಲ್ವೋ ಅದು ಒಂದೇ ಇರಬಾರದು ಅಂದ್ಯಲ್ಲ. ಬೈಯೋದು ಅರ್ಧ ತುಂಬೈತೆ. ನಾಳೆ ಸಾರು ತುಂಬ್ತೀನಿ."

ಚೌಡಮ್ಮ ಬೈಯೋಕೆ ಅಂತ ಬಾಯಿ ತೆಗೆದ್ಲು. ಮಾತು ಹೊರಡಲಿಲ್ಲ. ಇನ್ನೊಂದ್ಸಲ ತೆಗೆದ್ಲು. ಊಹೂಂ!

ದೇವಲ ಗಾಬರಿ ಬಿದ್ದು ಎದ್ದು ನಿಂತ.

"ಸರಸಕ್ಕಾ, ಬೇಗ ಬೇಗ! ಹಳೇದು ನಿಂತೋಯ್ತು! ಎಷ್ಟು ತುಂಬೈತೋ ಅಷ್ಟರಲ್ಲೇ ನೀನು ಶುರು ಮಾಡು!"