ಪುಟ್ಟಮಾದಯ್ಯನ ಲಾರಿ

ಕಪಿಲಾ ನದಿಯ ದಂಡೆಯಲ್ಲಿ ಮರಿದೇವ ಸ್ವಾಮಿಗಳ ಆಶ್ರಮ. ಗುರುಮಲ್ಲ ಅವರ ಶಿಷ್ಯ. ಆಶ್ರಮದ ಮೈಕು ಕೆಟ್ಟರೆ ರಿಪೇರಿ ಮಾಡುವವನೂ ಅವನೇ.

ಒಂದು ಸಂಜೆ ಗುರು ಶಿಷ್ಯರಿಬ್ಬರೂ ಆಶ್ರಮದ ಮುಂದಿನ ಮರಳಿನಲ್ಲಿ ಕೂತಿದ್ದಾಗ ಪುಟ್ಟಮಾದಯ್ಯ ಗಾಲಿಕುರ್ಚಿ ಉರುಳಿಸಿಕೊಂಡು ಬಂದ. ಲಾರಿ ಓಡಿಸುತ್ತಿದ್ದವನು. ಅಪಘಾತದಲ್ಲಿ ಎರಡು ಕಾಲೂ ಸ್ವಾಧೀನ ತಪ್ಪಿದ ಮೇಲೆ, ತೊಡೆಯ ಮೇಲೆ ರಿಮೋಟ್ ಇಟ್ಟುಕೊಂಡು ಮೊಳದುದ್ದದ ಪುಟ್ಟ ಲಾರಿಯನ್ನು ಹೊಳೆಯ ಮರಳಿನಲ್ಲಿ ಓಡಿಸುತ್ತಿದ್ದ. ಅದಿಲ್ಲದೆ ಅವನಿಗೆ ಸಂಜೆ ಸರಿಯುತ್ತಿರಲಿಲ್ಲ.

"ಬ್ಯಾಟರಿ ಚಾರ್ಜ್ ಆಗಿದೆ ಬುದ್ಧಿ. ಆದ್ರೂ ಓಡ್ತಾ ಇಲ್ಲ," ಎಂದು ಲಾರಿಯನ್ನು ಮುಂದೆ ಹಿಡಿದ.

ಗುರುಮಲ್ಲ ನೋಡಿದ. ಬ್ಯಾಟರಿಯ ವೈರಿನ ತುದಿಯಲ್ಲಿ ಲಾರಿಗೆ ಸಿಕ್ಕಿಸುವ ಕನೆಕ್ಟರ್ ಸುಟ್ಟಿತ್ತು. ಒಂದರೊಳಗೊಂದು ಕೂರುವ ಹೊಸದೊಂದು ಜೋಡಿ ಪುಟ್ಟಮಾದಯ್ಯನ ಜೇಬಿನಲ್ಲೇ ಇತ್ತು. ಆದರೆ ಬೆಸುಗೆ ಹಾಕುವುದು ಅವನಿಗೆ ಬರುತ್ತಿರಲಿಲ್ಲ.

"ಇಷ್ಟು ಸಣ್ಣದನ್ನ ಹಿಡಿಯೋ ಹತಾರ ನಮ್ಮಲ್ಲಿಲ್ಲ ಬುದ್ಧಿ," ಎಂದ ಗುರುಮಲ್ಲ. "ಮೈಸೂರಿಂದ ತರಿಸೋಣ. ಆಮೇಲೆ ಮಾಡಿಕೊಡ್ತೀನಿ."

"ಆಗಲಿ," ಎಂದು ಪುಟ್ಟಮಾದಯ್ಯ ಕುರ್ಚಿ ತಿರುಗಿಸಿದ.

ಗುರುಗಳು ಎದ್ದು, ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮ ಕಾವಿಯಿಂದ ಮರದ ಕ್ಲಿಪ್ಪನ್ನು ಕಿತ್ತು ತಂದರು. ಬಟ್ಟೆ ಮರಳಿಗೆ ಬಿತ್ತು.

"ಅಯ್ಯೋ, ಮಡಿ ಬಟ್ಟೆ ಬುದ್ಧಿ!" ಎಂದ ಗುರುಮಲ್ಲ.

"ಮತ್ತೆ ಒಗೆದರಾಯ್ತು. ಇವನು ಇವತ್ತು ಬಂದಿದ್ದಾನೆ."

ಗುರುಮಲ್ಲ ನಾಚಿ ಕತ್ತರಿ ತೆಗೆದ. ಹಳೆಯ ಕನೆಕ್ಟರ್ ತೆಗೆಯಲು ಎರಡೂ ವೈರನ್ನು ಒಟ್ಟಿಗೇ ಕತ್ತರಿಯ ಬಾಯಿಗಿಟ್ಟ. ಗುರುಗಳು ಅವನ ಮಣಿಕಟ್ಟು ಹಿಡಿದರು.

"ಒಂದೊಂದೇ."

"ಒಟ್ಟಿಗೆ ಕತ್ತರಿಸಿದ್ರೆ?"

"ನಿನ್ನ ಕತ್ತರಿಯೇ ಕರೆಂಟಿಗೆ ದಾರಿ ಆಗುತ್ತೆ. ಬೆಂಕಿ ಬರುತ್ತೆ."

ಅವನು ಒಂದನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಆಮೇಲೆ ಇನ್ನೊಂದನ್ನು ಕತ್ತರಿಸಿದ. ಹೊಸ ಕನೆಕ್ಟರನ್ನು ಕ್ಲಿಪ್ಪಿಗೆ ಕಚ್ಚಿಸಿ ಕಾದ ಬೆಸುಗೆಯ ಕಡ್ಡಿ ತಾಗಿಸಿದ. ಪ್ಲಾಸ್ಟಿಕ್ ಮೆತ್ತಗಾಯಿತು. ಒಳಗಿನ ಪಿನ್ನು ವಾಲಿತು.

"ಹಾಳು ಮಾಡಿಬಿಟ್ಟೆ," ಎಂದ. ಅವನಿಗೆ ಪುಟ್ಟಮಾದಯ್ಯನ ಮುಖ ನೋಡಲಾಗಲಿಲ್ಲ.

"ಇದರ ಜೋಡಿ ಎಲ್ಲಿ?" ಎಂದು ಗುರುಗಳು ಕೇಳಿದರು.

"ಅದು ಲಾರಿ ಕಡೆಯದು ಬುದ್ಧಿ. ಬ್ಯಾಟರಿಗೆ ಬೇಡ," ಎಂದ ಗುರುಮಲ್ಲ.

ಗುರುಗಳು ಆ ಜೋಡಿಯನ್ನು ಕೈಗೆತ್ತಿಕೊಂಡರು. ಇನ್ನೂ ಬಿಸಿಯಾಗಿದ್ದ ಕನೆಕ್ಟರಿಗೆ ಅದನ್ನು ಮೆಲ್ಲಗೆ ಒತ್ತಿ ಕೂರಿಸಿದರು. ವಾಲಿದ್ದ ಪಿನ್ನು ನೆಟ್ಟಗಾಯಿತು.

"ಈಗ ಬಿಸಿ ಮಾಡು. ಬೇಯುವಾಗ ಒಂಟಿ ಬಿಡಬಾರದು."

ಗುರುಮಲ್ಲ ಕೆಂಪು ವೈರನ್ನು ಬೆಸೆದ, ಆರಲು ಬಿಟ್ಟ, ಕಪ್ಪು ವೈರನ್ನು ಬೆಸೆದ. ಈ ಸಲ ಏನೂ ವಾಲಲಿಲ್ಲ. ಟೇಪು ಸುತ್ತಿ, ಜೋಡಿಯನ್ನು ಬಿಡಿಸಿ, ಬ್ಯಾಟರಿಯನ್ನು ಲಾರಿಗೆ ಸೇರಿಸಿದ.

ಪುಟ್ಟಮಾದಯ್ಯ ರಿಮೋಟ್ ಒತ್ತಿದ. ಲಾರಿ ಮರಳು ಚಿಮ್ಮಿಸಿಕೊಂಡು ಹೊರಟಿತು. "ಸೈಡ್, ಸೈಡ್! ನಂಜನಗೂಡು ಬಿಟ್ಟು ಊಟಿ ಕಡೆ ಹೊರಟಿದೆ!" ಎಂದು ಅವನು ಕೂಗಿದ, ನಕ್ಕ.

ಲಾರಿ ಬಂಡೆಗಳನ್ನು ದಾಟಿತು. ಇನ್ನೂ ದೂರ ಹೋಯಿತು.

ಗುರುಮಲ್ಲನಿಗೆ ತಡೆಯಲಾಗಲಿಲ್ಲ. "ಬುದ್ಧಿ, ಸ್ವಲ್ಪ ಹೇಳಿ ಅವನಿಗೆ. ಅಷ್ಟು ದೂರ ಹೋದ್ರೆ ರಿಮೋಟಿಗೆ ಸಿಗಲ್ಲ. ಅಲ್ಲೇ ನಿಂತುಬಿಡುತ್ತೆ."

ಗುರುಗಳು ಮರಳಿನ ಮೇಲೆ ಕಾಲು ಚಾಚಿ ಕೂತರು.

"ಓಡಿಸಲಿ ಬಿಡು. ನಿಂತರೆ ತರೋದಕ್ಕೆ ನಿನಗೆ ಕಾಲಿದೆಯಲ್ಲ."