ಹತ್ತಕ್ಕೊಂದು ಹೆಂಚು

"ಸುಂಕ ಕೊಡದೆ ನನ್ನ ಮುಂದೆ ಇರುವೆ ಕೂಡ ದಾಟೋದಿಲ್ಲ" ಎಂದು ಸುಂಕದ ಅಧಿಕಾರಿ ತಿಪ್ಪರಸಯ್ಯ ಹಿರೇಗುಡ್ಡದ ರಾಜನ ಓಲಗದಲ್ಲಿ ದಿನಕ್ಕೊಂದು ಸಲ ಕೊಚ್ಚಿಕೊಳ್ಳುತ್ತಿದ್ದ. ಇರುವೆಯ ಮಾತು ನನಗೆ ಗೊತ್ತಿಲ್ಲ, ಮನುಷ್ಯರಂತೂ ದಾಟುತ್ತಿರಲಿಲ್ಲ.

ಆ ಓಲಗದ ಚಾವಡಿಗೆ ಹೊಸ ಹೆಂಚು ಹೊದಿಸಿದವನು ಗುತ್ತಿಗೆದಾರ ದ್ಯಾವಣ್ಣ. ಕೆಲಸ ಮುಗಿಸಿ ನೂರು ವರಹಕ್ಕೆ ಬಿಲ್ ಬರೆದುಕೊಟ್ಟ. ಮಸಿ ಒಣಗುವ ಮೊದಲೇ ತಿಪ್ಪರಸಯ್ಯ ಅವನ ಮನೆ ಬಾಗಿಲಲ್ಲಿದ್ದ.

"ಬಿಲ್ ಬರೆದ ದಿನವೇ ಮಾರಾಟದ ಸುಂಕ. ಹತ್ತಕ್ಕೊಂದು. ತೆಗಿ."

"ಸ್ವಾಮಿ, ಖಜಾನೆಯಿಂದ ಬಿಡಿಗಾಸೂ ಬಂದಿಲ್ಲ. ಸುಂಕದ ರಸೀದಿ ತಂದರೆ ಹಣ ಅಂತಾರೆ."

"ಸರಿಯಾಗೇ ಹೇಳಿದ್ದಾರೆ."

"ಹಣ ಬಂದರೆ ತಾನೆ ಸುಂಕ ಕಟ್ಟೋದು?"

"ಅದು ನಿನ್ನ ಪಾಡು."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಇನ್ನೇನಾದೀತು? ತಿಪ್ಪರಸಯ್ಯ ದ್ಯಾವಣ್ಣನ ಗಾಡಿಯ ಜೋಡಿ ಎತ್ತುಗಳನ್ನು ಬಿಚ್ಚಿಸಿ ಸುಂಕದ ಕಟ್ಟೆಯಲ್ಲಿ ಕಟ್ಟಿಸಿದ. ಮೂರು ದಿನದಲ್ಲಿ ಹರಾಜು. ಎತ್ತು ಹೋದರೆ ದ್ಯಾವಣ್ಣನ ಕಸುಬೇ ಹೋದಂತೆ.

ಅವನು ಅಳುಮೋರೆ ಹೊತ್ತು ಆಸ್ಥಾನದ ಜಾಣ ಕೋನಪ್ಪಯ್ಯನ ಹತ್ತಿರ ಹೋದ. ಎಲೆಅಡಿಕೆ ಮೆಲ್ಲುತ್ತ ಎಲ್ಲ ಕೇಳಿದ ಕೋನಪ್ಪಯ್ಯ, "ಹಣವಿಲ್ಲದವನು ಸರಕಿನಲ್ಲೇ ಸುಂಕ ಕೊಡಬಹುದು ಅಂತ ಕಾಯಿದೆ ಇದೆಯಲ್ಲೋ ಮಾರಾಯ. ತಿಪ್ಪರಸಯ್ಯನ ಕೈಲಿ ಒಪ್ಪಿಗೆ ಬರೆಸಿಕೋ. ಏಣಿ ಇದೆ ತಾನೆ?" ಎಂದ.

ದ್ಯಾವಣ್ಣ ಹೋಗಿ ಕೇಳಿದಾಗ ತಿಪ್ಪರಸಯ್ಯನಿಗೆ ತನ್ನ ಕೊಟ್ಟಿಗೆಯ ಸೋರುವ ಮಾಡು ನೆನಪಾಯಿತು. "ಚಾವಡಿ ಬಿಲ್ಲಿನ ಬಾಬ್ತು, ಹತ್ತಕ್ಕೊಂದು ಹೆಂಚು" ಎಂದು ಖುಷಿಯಿಂದ ಚೀಟಿ ಬರೆದುಕೊಟ್ಟ.

ಮರುದಿನ ಮಧ್ಯಾಹ್ನದ ಓಲಗದಲ್ಲಿ ಬಿಸಿಲು ನೇರ ರಾಜನ ನೆತ್ತಿಗೆ ಬಡಿಯಿತು. ತಲೆಯೆತ್ತಿ ನೋಡಿದರೆ ಚಾವಡಿಯ ತುಂಬ ಹತ್ತು ಹೆಂಚಿಗೊಂದು ಕಿಂಡಿ.

"ನನ್ನ ಹೆಂಚು ತೆಗೆದವನು ಯಾರು?"

"ಸುಂಕಕ್ಕೆ ಸಂದಿದೆ, ಮಹಾಸ್ವಾಮಿ. ಚೀಟಿ ಇದೆ" ಎಂದ ಕೋನಪ್ಪಯ್ಯ.

ತಿಪ್ಪರಸಯ್ಯ ಬೆವತುಹೋದ. "ನಾನು ಕೇಳಿದ್ದು ಅವನ ಹೆಂಚು. ಇವು ಅರಮನೆಯವು."

"ಹಾಗಾದರೆ ಅರಮನೆ ಹಣ ಕೊಟ್ಟಿರಬೇಕಲ್ಲ?" ಎಂದ ಕೋನಪ್ಪಯ್ಯ.

ಖಜಾಂಚಿ ನೆಲ ನೋಡಿದ. "ಇನ್ನೂ ಇಲ್ಲ."

"ಕೊಟ್ಟಿಲ್ಲ ಅಂದರೆ ಹೆಂಚು ಇನ್ನೂ ದ್ಯಾವಣ್ಣನದೇ, ಮಾರಾಟವೇ ಆಗಿಲ್ಲ. ಮಾರದ ಹೆಂಚಿಗೆ ಸುಂಕ ಯಾಕೆ, ಎತ್ತು ಯಾಕೆ?"

ರಾಜ ನೆತ್ತಿ ಸವರಿಕೊಂಡು ಗಟ್ಟಿಯಾಗಿ ನಕ್ಕ. "ಎತ್ತು ಬಿಡಿ. ನೂರು ವರಹ ಈಗಲೇ ಎಣಿಸಿ. ಇನ್ನು ಮುಂದೆ ಹಣ ಕೈ ಸೇರಿದ ಮೇಲೇ ಸುಂಕ. ದ್ಯಾವಣ್ಣ, ಹೆಂಚು ಮತ್ತೆ ಹೊದಿಸಿಬಿಡಪ್ಪ."

"ಅದು ಬೇರೆ ಕೆಲಸ ಮಹಾಸ್ವಾಮಿ, ಬೇರೆ ಬಿಲ್" ಎಂದು ದ್ಯಾವಣ್ಣ ಸೊಂಟದಿಂದ ಕಾಗದ ತೆಗೆದ. "ತಿಪ್ಪರಸಯ್ಯನವರ ಹೆಸರಿಗೇ ಬರೆದಿದ್ದೀನಿ. ಹತ್ತು ವರಹ. ಸುಂಕ ಸೇರಿ ಹನ್ನೊಂದು."